ನನ್ನ ಕಾಲಿನ ಮೇಲೆ ಹೆಂಡತಿಯ ಹರಕೆ

ಚಪ್ಪಲಿ ಕಾಲಿನಿಂದ ಜಾರಿ ಬಿದ್ದದ್ದು ನನಗೆ ಗೊತ್ತಾಗಲೇ ಇಲ್ಲ. ಗೊತ್ತಾದದ್ದು ನಮ್ಮ ಕಂಡಕ್ಟರ್ ಖಾಜಾನಿಗೆ. ಬಸವಕಲ್ಯಾಣದ ಬಸ್ ಸ್ಟ್ಯಾಂಡಿನಲ್ಲಿ ಗಾಡಿ ಹಚ್ಚಿ ಚಹಾ ಕುಡಿಯಲು ಹೊರಟಿದ್ದೆ. ಹಿಂದಿನಿಂದ ಅವನು ನನ್ನ ಎಡಗಾಲಿನ ಚಪ್ಪಲಿ ಹಿಡಿದುಕೊಂಡು ಓಡಿ ಬಂದ.

"ಉಸ್ತಾದ, ಚಪ್ಪಲಿ ದಾನ ಮಾಡಾಕತ್ತೀರೇನು?"

ನಮ್ಮಲ್ಲಿ ಕಂಡಕ್ಟರುಗಳು ಡ್ರೈವರನನ್ನು ಉಸ್ತಾದ ಅಂತಲೇ ಕರೆಯುವುದು. ಕೆಳಗೆ ನೋಡಿಕೊಂಡೆ. ಮಳೆಗಾಲ, ಸ್ಟ್ಯಾಂಡಿನ ತುಂಬ ರಾಡಿ. ಒಂದು ಕಾಲು ರಾಡಿಯಲ್ಲಿ ಮುಳುಗಿ ಎದ್ದಿತ್ತು. ಅದರ ತಂಪು ನನಗೆ ತಟ್ಟಿರಲಿಲ್ಲ.

ಹಿಂದಿನ ವಾರ ಹೊಟ್ಟೆ ಕೆಟ್ಟು ಮಲಗಿದ್ದೆ. ಅದರ ನಿಶ್ಶಕ್ತಿ ಇರಬೇಕು ಅಂದುಕೊಂಡೆ. ಚಹಾ ಕುಡಿದೆ. ಹುಮನಾಬಾದಿಗೆ ಹೊರಡುವ ಹೊತ್ತಾಗಿತ್ತು. ಡ್ರೈವರ್ ಸೀಟಿಗೆ ಹತ್ತಲು ಕಾಲೆತ್ತಿದೆ.

ಕಾಲು ಏಳಲಿಲ್ಲ.

ಖಾಜಾ ಒಂದು ಮಾತೂ ಆಡದೆ ನನ್ನ ಕೈಯಿಂದ ಗಾಡಿಯ ಕೀಲಿ ಕಸಿದುಕೊಂಡ. ಅವನು ಸುಮ್ಮನಿರುವುದೆಂದರೆ ದೊಡ್ಡ ಸುದ್ದಿ.

ಸಂಜೆಯ ಹೊತ್ತಿಗೆ ನಾನು, ನನ್ನ ಹೆಂಡತಿ ಸುಲೋಚನಾ, ರಜೆ ಹಾಕಿ ಬಂದ ಖಾಜಾ, ಮೂವರೂ ಸೋಲಾಪುರದ ಒಂದು ಆಸ್ಪತ್ರೆಯಲ್ಲಿದ್ದೆವು. ಅಲ್ಲಿಯ ನ್ಯೂರಾಲಜಿಸ್ಟ್ ರಬ್ಬರಿನ ಸುತ್ತಿಗೆಯಿಂದ ನನ್ನ ಮೊಣಕಾಲಿಗೆ ಬಡಿದರು. ಕಾಲು ಮಿಸುಕಲಿಲ್ಲ. ಇನ್ನೊಂದಕ್ಕೆ ಬಡಿದರು. ಅದೂ ಮಾತು ಕೇಳಲಿಲ್ಲ. ನರ್ವ್ ಟೆಸ್ಟ್ ಮಾಡಿದರು, ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆದರು. ಜಿಬಿಎಸ್ ಎಂಬ ನರದ ರೋಗ ಅಂದರು.

"ಮೈಯಾಗಿನ ಪೊಲೀಸರೇ ತಪ್ಪು ತಿಳಕೊಂಡು ನಿಮ್ಮ ನರಕ್ಕ ಹೊಡ್ಯಾಕತ್ತಾರ್ರಿ," ಎಂದು ಡಾಕ್ಟರು ನಮಗೆ ತಿಳಿಯುವಂತೆ ಹೇಳಿದರು.

"ಯಾವ ಸ್ಟೇಷನ್ನಿನವರ್ರೀ?" ಅಂದ ಖಾಜಾ.

ಡಾಕ್ಟರು ನಕ್ಕರು. ಸುಲೋಚನಾ ನಗಲಿಲ್ಲ. ನನಗೆ ನಗು ಬಂತು, ಆದರೆ ತುಟಿಯ ಒಂದೇ ಬದಿ ಮೇಲೆದ್ದಿತು. ಇನ್ನೊಂದು ಬದಿ ಆ ಪೊಲೀಸರ ಹೊಡೆತ ತಿಂದಿತ್ತು.

ಈ ರೋಗ ಕಾಲಿನಿಂದ ಮೇಲೇರುತ್ತದೆಯಂತೆ. ಎದೆಗೆ ಬಂದರೆ ಉಸಿರಿಗೆ ತೊಂದರೆ. ಅದಕ್ಕೇ ಹೊತ್ತುಹೊತ್ತಿಗೆ ಒಂದೇ ಉಸಿರಿನಲ್ಲಿ ಎಣಿಸು ಎನ್ನುತ್ತಿದ್ದರು. ಅಂಕಿ ಎಣಿಸಿ ಎಣಿಸಿ ನನಗೆ ತಲೆ ಚಿಟ್ಟು ಹಿಡಿಯಿತು. "ಅಂಕಿ ಬ್ಯಾಡ್ರಿ, ನಮ್ಮ ಸ್ಟಾಪ್ ಹೇಳಸ್ತೀನಿ," ಎಂದು ಖಾಜಾ ನರ್ಸಮ್ಮನ ಒಪ್ಪಿಗೆ ತೆಗೆದುಕೊಂಡ. ಕಲ್ಯಾಣದಿಂದ ಹುಮನಾಬಾದ್ ತನಕ ಊರು, ಕ್ರಾಸು, ಧಾಬಾ, ಪೆಟ್ರೋಲ್ ಬಂಕು, ಜನ ಕೈ ಮಾಡುವ ಬೇವಿನ ಗಿಡ ಒಂದನ್ನೂ ಬಿಡದೆ ಒಂದೇ ಉಸಿರಿನಲ್ಲಿ ಹೇಳಬೇಕು. ಮುಂಜಾನೆ ನಾನು ಸರಾಗವಾಗಿ ಹುಮನಾಬಾದ್ ಮುಟ್ಟಿದೆ. ಪಕ್ಕದ ಹಾಸಿಗೆಯವರು ಶಹಬ್ಬಾಸ್ ಅಂದರು. ಮಧ್ಯಾಹ್ನ ನಡುದಾರಿಯ ರಾಜೇಶ್ವರಕ್ಕೇ ಉಸಿರು ಮುಗಿಯಿತು. "ಊಟ ಆಗೇದಲ್ಲ, ಗಾಡಿ ಲೋಡ್ ಆಗೇದ," ಎಂದು ಖಾಜಾ ಧೈರ್ಯ ಹೇಳಿದ.

ಸಂಜೆ ಕಲ್ಯಾಣದ ಮಗ್ಗುಲಿನ ಸಸ್ತಾಪುರ ಬಂಗ್ಲಾ ಸಹ ದಾಟಲಿಲ್ಲ.

ಐಸಿಯುಗೆ ಒಯ್ದರು. ಐವಿಐಜಿ ಎಂಬ ಔಷಧಿ ಹನಿ ಹನಿಯಾಗಿ ಇಳಿಯುತ್ತಿತ್ತು. ನಾನು ಛತ್ತು ನೋಡುತ್ತ ಮಲಗಿದ್ದೆ. ಸಾಯುವ ಹೆದರಿಕೆ ಇತ್ತು, ಸುಳ್ಳು ಯಾಕೆ ಹೇಳಲಿ. ಅದಕ್ಕಿಂತ ಹೆಚ್ಚಿನ ಹೆದರಿಕೆ, ಸಾಯದೆ ಹೀಗೇ ಉಳಿದರೆ ಎಂಬುದು. ಇಷ್ಟು ವರ್ಷ ಊರ ಮಂದಿಯನ್ನು ಆ ಊರಿಂದ ಈ ಊರಿಗೆ ಮುಟ್ಟಿಸಿದವನು ನಾನು. ನನ್ನನ್ನು ಹಾಸಿಗೆಯಿಂದ ಬಾಗಿಲಿಗೆ ಮುಟ್ಟಿಸಲು ಇಬ್ಬರು ಬೇಕಾಗಿತ್ತು. ವೆಂಟಿಲೇಟರ್ ಹಚ್ಚುವ ತನಕ ಹೋಗಲಿಲ್ಲ ಅನ್ನುವುದು ಪುಣ್ಯ. ಉಸಿರು ಮೆಲ್ಲಗೆ ಮತ್ತೆ ರಾಜೇಶ್ವರ ದಾಟಿತು.

ನಾನು ಒಳಗಿದ್ದಾಗ ಹೊರಗೆ ಬೇರೆಯೇ ಕೆಲಸ ನಡೆದಿತ್ತು. ಸುಲೋಚನಾ ಹುಮನಾಬಾದಿನ ವೀರಭದ್ರೇಶ್ವರನಿಗೆ ಹರಕೆ ಹೊತ್ತಿದ್ದಳು. "ನನ್ನ ಗಂಡನ್ನ ಉಳಿಸಪ್ಪಾ, ಕಲ್ಯಾಣದಿಂದ ನಿನ್ನ ಗುಡಿತನಕ ನಡಕೋತ ಬರ್ತಾರ."

ಯಾರು? ನಾನು.

ನಮ್ಮ ಕಡೆ ಇದೊಂದು ಪದ್ಧತಿ. ಹರಕೆ ಹೊರುವವರು ಒಬ್ಬರು, ತೀರಿಸುವವರು ಇನ್ನೊಬ್ಬರು. ಹುಟ್ಟಿದಾಗ ನಮ್ಮವ್ವ ನನ್ನ ಕೂದಲನ್ನು ಒಂದು ದೇವರಿಗೆ ಬಿಟ್ಟುಕೊಟ್ಟಿದ್ದಳು. ನನ್ನ ಭಾರದ ಬೆಲ್ಲವನ್ನು ಅಜ್ಜಿ ಇನ್ನೊಂದು ದೇವರಿಗೆ ಹೇಳಿದ್ದಳು. ಈಗ ಕಾಲುಗಳನ್ನು ಹೆಂಡತಿ ಕೊಟ್ಟುಬಿಟ್ಟಿದ್ದಳು, ಅದೂ ಅವು ಕೆಲಸ ಬಿಟ್ಟು ಕೂತಿದ್ದಾಗ. ಮನೆಗೆ ಬಂದ ಮೇಲೆ ಈ ಸುದ್ದಿ ತಿಳಿಯಿತು. ಆಗ ನಾನು ವಾಕರ್ ಹಿಡಿದು ಪಡಸಾಲೆಯಿಂದ ಬಚ್ಚಲಿಗೆ ಹೋಗಿ ಬಂದರೆ ದಣಿದು ಮಲಗುತ್ತಿದ್ದೆ.

"ಬಚ್ಚಲಮನಿ ತನಕ ಹೊರಬೇಕಿತ್ತು ಹರಕಿ," ಅಂದೆ.

"ಅಲ್ಲಿ ಯಾವ ದೇವರದಾನ್ರಿ?" ಅಂದಳು ಆಕೆ, ಅಕ್ಕಿ ಆರಿಸುವುದನ್ನು ನಿಲ್ಲಿಸದೆ.

ನೋಡಲು ಬಂದವರೆಲ್ಲ ಲಕ್ವಾ ಹೊಡೆದಿದೆ ಅಂತಲೇ ತೀರ್ಮಾನಿಸಿದರು. ಅಲ್ಲವೆಂದು ಹೇಳಿದರೆ, "ಹೌದು ಬಿಡ್ರಿ, ಡಾಕ್ಟರು ಬೇರೆ ಹೆಸರು ಇಟ್ಟಿರತಾರ" ಎನ್ನುತ್ತಿದ್ದರು. ಹುಲಸೂರಿನಿಂದ ನನ್ನ ಭಾವ ಜೀವಂತ ಪಾರಿವಾಳ ತಂದ. ಕೊಯ್ದು ಅದರ ಬಿಸಿ ರಕ್ತ ಕಾಲಿಗೆ ತಿಕ್ಕಬೇಕಂತೆ. ಪಾರಿವಾಳ ನನ್ನನ್ನು ನೋಡಿತು, ನಾನು ಅದನ್ನು ನೋಡಿದೆ. ಸುಲೋಚನಾ ಕಿಟಕಿ ತೆರೆದಳು. ನಡಿಗೆಯ ಆಸೆ ನನಗೆಷ್ಟಿದ್ದರೂ ಹಾರುವ ಆಸೆ ಅದಕ್ಕೆ ಹೆಚ್ಚಿತ್ತು.

ಫಿಜಿಯೋಥೆರಪಿಯ ಹುಡುಗಿ ದಿನಾ ಬಂದು, "ಕಾಕಾ, ಹಿಮ್ಮಡಿ ಮೊದಲ ಊರ್ರಿ, ಬೆರಳು ಆಮ್ಯಾಲ," ಎನ್ನುತ್ತಿದ್ದಳು. ವರ್ಷ ತುಂಬದ ಕೂಸಿಗೆ ಯಾರೂ ಕಲಿಸದೆ ಬರುವ ವಿದ್ಯೆಯನ್ನು ನಾನು ಬೈಸಿಕೊಂಡು ಕಲಿತೆ. ವಾಕರ್ ಹೋಯಿತು, ಕೋಲು ಬಂತು. ಕೋಲು ಹೋಯಿತು. ಆದರೆ ಸುಲೋಚನಾಳ ಕೈ ಹೋಗಲಿಲ್ಲ. ನಾನು ಎದ್ದರೆ ಸಾಕು, ಎಲ್ಲಿದ್ದರೂ ಬಂದು ನನ್ನ ಮೊಣಕೈ ಹಿಡಿಯುತ್ತಿದ್ದಳು. ಬೀಳದೆ ಇರುವುದು ನನ್ನ ಕಾಲಿನಿಂದಲೋ ಆಕೆಯ ಕೈಯಿಂದಲೋ ಇಬ್ಬರಿಗೂ ಗೊತ್ತಿರಲಿಲ್ಲ. ನನಗೆ ಅದೇ ಸಂಕಟ. ಹೆಂಡತಿ ಮೊಣಕೈ ಹಿಡಿದು ನಡೆಸುವ ಡ್ರೈವರನ ಕೈಗೆ ತುಂಬಿದ ಬಸ್ಸು ಯಾರು ಕೊಡುತ್ತಾರೆ?

ಚಳಿ ಕಡಿಮೆಯಾಗುವ ಹೊತ್ತಿಗೆ, ಹರಕೆಗೆ ನಡೆಯಬಹುದೇ ಎಂದು ಡಾಕ್ಟರನ್ನು ಕೇಳಿದೆವು. "ಹೋಗ್ರಿ, ಆದ್ರ ಒಂದೇ ದಿನಕ್ಕ ಬ್ಯಾಡ. ಸುಸ್ತಾದಲ್ಲಿ ಕೂಡ್ರಿ. ಪಾದಕ್ಕ ಇನ್ನೂ ಪೂರಾ ಅರಿವಿಲ್ಲ, ಬರಿಗಾಲಲೆ ನಡೀಬ್ಯಾಡ್ರಿ." ಹೀಗಾಗಿ ಹರಕೆಯವನಾದ ನಾನು ಮೆತ್ತನೆಯ ಬೂಟು, ದಪ್ಪ ಕಾಲುಚೀಲ ಹಾಕಿಕೊಂಡೆ. ದೇವರಿಗೆ ಇದು ಸರಿ ಕಾಣಲಿಕ್ಕಿಲ್ಲವೆಂದು ಸುಲೋಚನಾ ತಾನು ಚಪ್ಪಲಿ ಬಿಟ್ಟಳು. ಎಷ್ಟು ಹೇಳಿದರೂ ಕೇಳಲಿಲ್ಲ.

ನಸುಕಿಗೆ ಕಲ್ಯಾಣ ಬಿಟ್ಟೆವು. ಸಸ್ತಾಪುರ ಬಂಗ್ಲಾ ದಾಟಿ ಹೈವೇಗೆ ಬಿದ್ದ ಮೇಲೆ ನಿಜವಾದ ತೊಂದರೆ ಶುರುವಾಯಿತು. ಕಾಲಿನದಲ್ಲ, ಬಸ್ಸಿನದು. ನಮ್ಮ ಸಿಬ್ಬಂದಿಯಲ್ಲಿ ಒಂದು ರೂಢಿ ಇದೆ. ರಸ್ತೆಯಲ್ಲಿ ನಮ್ಮವನು ಯಾರಾದರೂ ಕಂಡರೆ ಸ್ಟಾಪ್ ಇರಲಿ ಬಿಡಲಿ ಗಾಡಿ ನಿಲ್ಲಿಸಿ ಹತ್ತಿಸಿಕೊಳ್ಳಬೇಕು. ನಾನು ಹಣೆಯ ಬೆವರು ಒರೆಸಲು ಕೈ ಎತ್ತಿದೆ. ಹಿಂದೆ ಬರುತ್ತಿದ್ದ ಬಸ್ಸು ಕಿರ್ರೆಂದು ನಿಂತಿತು. ಅದನ್ನು ಕಳಿಸಿ ಹತ್ತು ಹೆಜ್ಜೆ ಇಟ್ಟಿರಲಿಲ್ಲ, ಇನ್ನೊಂದು ನಿಂತಿತು. ಕಲ್ಯಾಣದ ಕಡೆ ಹೊರಟ ಬಸ್ಸೂ ನಿಂತಿತು. ಹುಮನಾಬಾದಿಗೆ ಹೋಗಬೇಕಾದವನನ್ನು ವಾಪಸು ಕರೆದೊಯ್ಯಲು ಅವನಿಗೆ ಏನೂ ಅಭ್ಯಂತರವಿರಲಿಲ್ಲ.

"ಮಾಣಿಕಪ್ಪ, ಹತ್ತೋ ಮಾರಾಯ, ನಮಗ ನೋಡಾಕ ಆಗವಲ್ದು," ಎಂದು ಡ್ರೈವರು ನನ್ನನ್ನು ಗೋಗರೆದರೆ, ಒಳಗಿನ ಪ್ರಯಾಣಿಕರು ಕಿಟಕಿಗಳಲ್ಲಿ ಸೇರಿ ಪಂಚಾಯಿತಿ ಮಾಡಿದರು. ಹರಕೆ ಮುರಿದರೆ ಏನಾಗುತ್ತದೆ, ಅರ್ಧ ನಡೆದರೆ ನಡೆಯುತ್ತದೆಯೋ ಇಲ್ಲವೋ ಎಂದು. ಒಬ್ಬ ಮುದುಕಿ ದಾರಿ ಹುಡುಕಿಯೇ ಬಿಟ್ಟಳು. "ಬಸ್ ಹತ್ತಿ ಒಳಗ ಹಿಂದಕ್ಕ ಮುಂದಕ್ಕ ಅಡ್ಡಾಡಪ್ಪಾ. ನಡದಂಗೂ ಆತು, ಮುಟ್ಟಿದಂಗೂ ಆತು."

ಕಂಡಕ್ಟರ್ ಆ ಮಾತನ್ನು ಗಂಭೀರವಾಗಿ ವಿಚಾರ ಮಾಡಿ ನನ್ನ ಮುಖ ನೋಡಿದ.

"ಇನ್ನ ಮ್ಯಾಲ ಕೈ ಎತ್ತಬ್ಯಾಡ್ರಿ," ಎಂದು ಸುಲೋಚನಾ ನನ್ನ ಬೆವರನ್ನು ತನ್ನ ಸೆರಗಿನಿಂದ ಒರೆಸತೊಡಗಿದಳು. ಮೊಣಕೈ ಮಾತ್ರ ಬಿಟ್ಟಿರಲಿಲ್ಲ.

ರಾಜೇಶ್ವರದಲ್ಲಿ ಆಕೆಯ ಚಿಕ್ಕಪ್ಪನ ಮನೆಯಲ್ಲಿ ಉಳಿದು ಮರುದಿನ ಮತ್ತೆ ಹೊರಟೆವು. ಬಿಸಿಲೇರಿತು. ನನ್ನ ಕಾಲುಗಳು ಜುಮುಜುಮು ಎನ್ನುತ್ತಿದ್ದವು, ಆದರೆ ನಡೆಯುತ್ತಿದ್ದವು. ನನ್ನ ಮೊಣಕೈ ಮೇಲಿನ ಭಾರ ಮಾತ್ರ ಹೆಚ್ಚುತ್ತ ಹೋಯಿತು. ತಿರುಗಿ ನೋಡಿದರೆ ಸುಲೋಚನಾ ತುಟಿ ಕಚ್ಚಿಕೊಂಡು ಕುಂಟುತ್ತಿದ್ದಳು. ಒಂದು ಸೇತುವೆಯ ಕಟ್ಟೆಯ ಮೇಲೆ ಕೂಡಿಸಿ ಪಾದ ನೋಡಿದೆ. ಬೊಬ್ಬೆಗಳು ಎದ್ದು ಒಡೆದಿದ್ದವು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಅಷ್ಟರಲ್ಲಿ ಖಾಜಾನ ಬಸ್ಸು ಬಂತು. ನಾನು ಕೈ ಎತ್ತಿರಲಿಲ್ಲ. ಆದರೂ ನಿಂತಿತು.

"ಭಾಬಿ, ಹತ್ರಿ," ಅಂದ ಖಾಜಾ, ಆಕೆಯ ಕಾಲು ನೋಡಿ.

"ನಾ ಹತ್ತಿದ್ರ ಇವರ ಕೈ ಯಾರು ಹಿಡೀತಾರ?"

"ಯಾರೂ ಹಿಡಿಯೂದಿಲ್ಲ," ಅಂದೆ ನಾನು.

"ಬಿದ್ರ?"

"ಬಿದ್ರ ಏಳ್ತೀನಿ. ನೀ ಹತ್ತು."

ಆಕೆ ನನ್ನನ್ನು ನೋಡುತ್ತ ಕೂತೇ ಇದ್ದಳು. ಕೊನೆಗೆ ಖಾಜಾ ಒಂದು ಬದಿ, ನಾನೊಂದು ಬದಿ ಹಿಡಿದು ಹತ್ತಿಸಿದೆವು. ಬಸ್ಸು ಹೊರಟಿತು. ಆಕೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಕಾಣುವ ತನಕ ನನ್ನನ್ನೇ ನೋಡುತ್ತಿದ್ದಳು.

ಮೊಣಕೈ ಖಾಲಿಯಾಗಿತ್ತು. ಹೆದರಿಕೆಯಾಯಿತು. ಇಷ್ಟು ತಿಂಗಳು ಕೈ ಬಿಡು ಅಂತ ಬೈದವನು ನಾನು, ಈಗ ಹೆಜ್ಜೆ ಎತ್ತಲು ಮನಸ್ಸು ಬರಲಿಲ್ಲ. ಲಾರಿಗಳು ಗಾಳಿ ಬೀಸಿ ಹೋಗುತ್ತಿದ್ದವು. ಹಿಮ್ಮಡಿ ಊರಿದೆ, ಬೆರಳು ಊರಿದೆ. ಒಮ್ಮೆ ಜೋಲಿ ಹೊಡೆದೆ, ಬೀಳಲಿಲ್ಲ. ಈ ರಸ್ತೆಯಲ್ಲಿ ಎಷ್ಟು ಸಲ ಬಸ್ಸು ಓಡಿಸಿದ್ದೆನೋ, ಹುಮನಾಬಾದ್ ಇಷ್ಟು ದೂರ ಇದೆಯೆಂದು ಯಾವತ್ತೂ ಅನ್ನಿಸಿರಲಿಲ್ಲ. ನಡುವೆ ಖಾಜಾನ ಬಸ್ಸು ಎದುರಿನಿಂದ ವಾಪಸು ಬಂತು. "ಭಾಬಿನ್ನ ಆಟೋದಾಗ ಗುಡಿಗಿ ಕಳಿಸೀನಿ ಉಸ್ತಾದ," ಎಂದು ಕೂಗಿ ಹೇಳಿದ. ಆ ಸಲ ಮಾತ್ರ ಬಸ್ಸು ನಿಲ್ಲಲಿಲ್ಲ. ನನಗೆ ಅದು ಬಹಳ ಹಿತವಾಯಿತು.

ಗುಡಿ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಬಾಗಿಲಲ್ಲಿ ನಿಂತು ನನಗಾಗಿ ಗೋಳಿಡುತ್ತಿರುತ್ತಾಳೆ ಅಂದುಕೊಂಡಿದ್ದೆ. ಕಾಣಲಿಲ್ಲ. ಬೂಟು ಹೊರಗೆ ಬಿಟ್ಟು ಹುಡುಕಿದರೆ ಒಳಗಿನ ಪೌಳಿಯ ನೆರಳಿನಲ್ಲಿ, ಕೈಚೀಲ ತಲೆಗೆ ಇಟ್ಟುಕೊಂಡು ಮಲಗಿಬಿಟ್ಟಿದ್ದಳು. ಬಾಯಿ ತೆರೆದಿತ್ತು. ಗೊರಕೆ ಜೋರಾಗಿಯೇ ಇತ್ತು. ಐಸಿಯುವಿನ ದಿನದಿಂದ ಈಕೆ ನನ್ನ ಉಸಿರು ಕೇಳುತ್ತ ಕೋಳಿನಿದ್ದೆ ಮಾಡಿದವಳು. ನಾನು ಮಗ್ಗುಲಾದರೂ ಎದ್ದು ಕೂಡುವವಳು. ಈಗ ಕಾಲೆಳೆದುಕೊಂಡು ಸಪ್ಪಳ ಮಾಡುತ್ತ ಪಕ್ಕಕ್ಕೇ ಬಂದು ಕೂತೆ, ಎಚ್ಚರಾಗಲಿಲ್ಲ.

ಗರ್ಭಗುಡಿಯ ಬಾಗಿಲು ಹಾಕಲು ಬಂದ ಪೂಜಾರಿಗಳು ನನ್ನನ್ನು ನೋಡಿ ನಿಂತರು.

"ದರ್ಶನ ಮಾಡ್ಕೋರಿ, ಆಮ್ಯಾಲ ಸಂಜಿಗೇ ತೆಗೀತೀವಿ. ಅವರನ್ನ ಎಬ್ಬಸ್ರಿ."

"ಸಂಜಿಗೇ ಮಾಡ್ತೀವ್ರಿ," ಅಂದೆ. "ಆಕಿ ಮಲಗಲಿ."