ಕಡತದ ಕೊನೆಯ ಮಡಿಪು

ನನ್ನ ಅಂಗಡಿಯ ಗೂಟಕ್ಕೆ ತೂಗುಹಾಕಿರುವ ಕಡತದ ಕೊನೆಯ ಮಡಿಪು ಬರಹವಿಲ್ಲದೆ ಇನ್ನೂ ಕಪ್ಪಾಗಿಯೇ ಇದೆ. ಬಟ್ಟೆಗೆ ಹುಣಸೆಬೀಜದ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಮಡಿಸಿ, ಬಳಪದಲ್ಲಿ ಬರೆಯುವ ಇಂಥ ಕಡತವನ್ನು ನೀವು ಎಲ್ಲ ಅಂಗಡಿಗಳಲ್ಲೂ ನೋಡಿದ್ದೀರಿ, ಗೆಳೆಯರೇ. ಆದರೆ ನಾಗಮಂಗಲದ ಈ ಅಕ್ಕಸಾಲಿಯ ಬಳಿ ಇರುವುದರಲ್ಲಿ ಲೆಕ್ಕವಿಲ್ಲ, ಬಿಂಡಿಗನವಿಲೆಯ ಕಮ್ಮಾರ ಕಾಳಾಚಾರಿ ಕಟ್ಟಿ ಹಾಡಿದ ಪದಗಳಿವೆ.

ಆ ಪದಗಳೆಂದರೆ ನನಗೆ ಪ್ರಾಣ. ಪಂಡಿತರ ಪದ್ಯಗಳಲ್ಲಿ ಹೆಣ್ಣಿನ ಕಣ್ಣು ಸದಾ ಕಮಲ. ಪಾಪ, ಆಕೆ ಎಂದೂ ಒಲೆ ಊದಿದವಳಲ್ಲ. ಕಾಳಾಚಾರಿಯ ಪದದಲ್ಲಿ ಅದು ಕೆಂಪಾದ ಕಣ್ಣು, ಹೊಗೆಗೋ ಮುನಿಸಿಗೋ ತಿಳಿಯದೆ ಗಂಡ ಕುಲುಮೆಯ ತಿದಿಯೊತ್ತುತ್ತಲೇ ಒಳಗೆ ಇಣುಕುತ್ತಾನೆ. ಇವನು ನಮ್ಮ ಮನೆಯೊಳಗೆ ಯಾವಾಗ ಬಂದು ಕೂತಿದ್ದ ಎನ್ನಿಸುತ್ತದೆ. ಸಂಜೆ ಹೊತ್ತು ನಾನು ಅವನ್ನು ಗಟ್ಟಿಯಾಗಿ ಓದುತ್ತಿದ್ದೆ, ನನ್ನಾಕೆ ಸೊಪ್ಪು ಸೋಸುತ್ತ ಕೇಳುತ್ತಿದ್ದಳು.

ಕಡತ ನಮ್ಮ ಮನೆಗೆ ಬಂದದ್ದು ಯುದ್ಧದ ದೆಸೆಯಿಂದ. ಪಟ್ಟಣದ ಕೋಟೆಯಲ್ಲಿ ಕಬ್ಬಿಣದ ಕೆಲಸಕ್ಕೆ ಕರೆ ಬಂದಾಗ ಕಾಳಾಚಾರಿ, ಇದ್ದ ಒಂದೇ ಪ್ರತಿಯನ್ನು ನನ್ನ ಕೈಗಿಟ್ಟು ಹೋದ. ಯುಗಾದಿಗೆ ಮುಂಚೆ ಲೆಕ್ಕ ತೀರಿದ ಕಡತಗಳಿಗೆ ಹೊಸದಾಗಿ ಕಪ್ಪು ಬಳಿಯುವುದು ನಮ್ಮಲ್ಲಿ ವಾಡಿಕೆ. ಓದು ಬಾರದ ನನ್ನಾಕೆ, ಒಳ್ಳೆಯ ಮನಸ್ಸಿನಿಂದಲೇ, ಅದಕ್ಕೂ ಬಳಿದು ಬಿಸಿಲಿಗೆ ಹರವಿದಳು. ಒಂದಕ್ಷರವೂ ಉಳಿದಿರಲಿಲ್ಲ, ನೋಡಿ ಓದುತ್ತಿದ್ದ ನನಗೂ ಬಾಯಿಪಾಠವಿರಲಿಲ್ಲ. ಅವತ್ತು ನಾನು ಮುದ್ದೆ ಮುಟ್ಟದೆ ಎದ್ದೆ. ಆಮೇಲೆ ಆಕೆ ಬೀಸುವ ಕಲ್ಲಿನ ಮುಂದೆ ಹೆಚ್ಚು ಹೊತ್ತು ಕೂರತೊಡಗಿದಳು. ಕಲ್ಲಿನ ಸದ್ದಿನ ನಡುವೆ ಆಕೆಯ ಗೊಣಗು ಕೇಳಿ ನನ್ನ ಮೇಲಿನ ಮುನಿಸೆಂದುಕೊಂಡೆ.

ಕೋಟೆಯ ಮುತ್ತಿಗೆ ತೆರವಾದ ಮೇಲೆ ಕಾಳಾಚಾರಿ ಬಡಕಲಾಗಿ ಬಂದ. ಫಿರಂಗಿಯ ಸದ್ದಿನಲ್ಲಿ ತನ್ನ ಪದಗಳು ತನಗೇ ಮರೆತುಹೋಗಿವೆ, ಕಡತ ಕೊಡು ಎಂದ. ನನ್ನಾಕೆಯೇ ಮುಂದೆ ಬಂದಳು.

"ನಾನೇ ಬಳ್ದು ಅಳಿಸ್ಬುಟ್ಟೆ ಕಣಣ್ಣ. ಸುಮ್ಕೆ ಯೋಳು ಅಂದ್ರೆ ಬರಾಕಿಲ್ಲ. ರಾಗಿ ಬೀಸ್ತಾ ಕುಂತ್ರೆ ನಿನ್ ಪದ ಎಲ್ಲ ಬತ್ತವೆ."

ಕಲ್ಲು ತಿರುಗಿತು, ಪದ ಬಂತು, ಅವನು ಪಕ್ಕದಲ್ಲಿ ಕೂತು ಬರೆದುಕೊಂಡ. ನಮ್ಮ ರಾಗಿ ಮುಗಿದಾಗ ನೆರೆಯವರು ತಮ್ಮ ರಾಗಿ ತಂದು ಸುರಿದರು. ಪುಕ್ಕಟೆ ಹಿಟ್ಟು ಯಾರಿಗೆ ಬೇಡ! ಅಲ್ಲಲ್ಲಿ ಆಕೆ ಮಾತು ಬದಲಿಸಿದ್ದಳು. ಅವನು ನಗುತ್ತ ಹಾಗೆಯೇ ಬರೆದ. ಕೊನೆಯ ಪದವೊಂದು ಮಾತ್ರ ಸಿಗಲಿಲ್ಲ. ತೀರಿಕೊಂಡ ಹೆಂಡತಿಯ ಮೇಲೆ ಅವನು ಕಟ್ಟಿದ್ದ ಆ ಪದದ ನಡೆ ನಿಧಾನ, ಕಲ್ಲಿನ ವೇಗಕ್ಕೆ ಒಗ್ಗದೆ ಆಕೆ ಅದನ್ನು ಹಾಡಿಕೊಂಡಿರಲೇ ಇಲ್ಲ. ಕಾಳಾಚಾರಿ ಬಹಳ ಹೊತ್ತು ನೆನೆದ, ಅತ್ತ. "ಇರ್ಲಿ ಬುಡವ್ವ" ಎಂದು ಆ ಮಡಿಪನ್ನು ಹಾಗೇ ಬಿಟ್ಟು, ಕಡತವನ್ನು ಮತ್ತೆ ನಮ್ಮಲ್ಲೇ ಇಟ್ಟು ಹೋದ.

ಕಳೆದುಹೋದದ್ದರ ಗುರುತೆಂದು ನಾನು ದಿನವೂ ಆ ಕಪ್ಪನ್ನು ನೋಡುತ್ತ ಬಂದೆ. ಇಷ್ಟು ಬರೆಯುವಷ್ಟರಲ್ಲಿ ಕಾಳಾಚಾರಿ ಬಾಗಿಲಲ್ಲಿ ನಿಂತಿದ್ದಾನೆ, ರುಮಾಲಿನಲ್ಲಿ ಬಳಪ ಸಿಕ್ಕಿಸಿಕೊಂಡು. ಹೊಸದೊಂದು ಪದ ಹುಟ್ಟುತ್ತಿದೆಯಂತೆ, ತೀರಿಕೊಂಡ ಆ ಹೆಂಡತಿಯ ಮೇಲೆಯೇ. ಗೂಟದಿಂದ ಕಡತ ಇಳಿಸಿಕೊಂಡು ಒಳಗೆ ಹೋದ. ನನ್ನಾಕೆ ಮೊರದಲ್ಲಿ ರಾಗಿ ತಂದು ಕೂತಳು.

"ನಿಧಾನದ್ದೇ ಬರಿಯಣ್ಣ" ಎಂದಳು. "ಈ ಸಲ ನಾನು ಕಲ್ಲ ನಿಧಾನಕ್ಕೆ ತಿರುಗುಸ್ತೀನಿ."