ಅಕ್ಕನ ಹಳೆಯ ಹೆಸರು

ಮೊನ್ನೆ ಶಿರಸಿಯ ಝೆರಾಕ್ಸ್ ಅಂಗಡಿಗೆ ಕಾಲಿಟ್ಟೆನೋ ಇಲ್ಲವೋ, ಊದುಬತ್ತಿಯ ಹೊಗೆಯೂ ಬಿಸಿಯಾದ ಪ್ಲಾಸ್ಟಿಕ್ಕಿನ ವಾಸನೆಯೂ ಒಟ್ಟಿಗೇ ಮೂಗಿಗೆ ಬಡಿದವು. ಅಕ್ಕ ನೆನಪಾದಳು...

ಯಲ್ಲಾಪುರದ ಬಸ್‌ಸ್ಟ್ಯಾಂಡಿನ ಎದುರು ಎರಡು ಕಂಪ್ಯೂಟರ್ ಇಟ್ಟುಕೊಂಡು ಸೈಬರ್ ಅಂಗಡಿ ನಡೆಸುತ್ತಿದ್ದಳು. ಬನವಾಸಿ ಕಡೆಯಿಂದ ಮದುವೆಯಾಗಿ ಬಂದವಳು; ನನ್ನ ಒಡಹುಟ್ಟಿದವಳಲ್ಲ, ಊರಿಗೆಲ್ಲ ಅಕ್ಕ. ಬೆಳಿಗ್ಗೆ ಪರದೆಗೆ ಕುಂಕುಮವಿಟ್ಟು, ಊದುಬತ್ತಿ ಬೆಳಗಿ, ಆಮೇಲೆಯೇ ಸ್ವಿಚ್ ಒತ್ತುವಳು. ಇವಳೇನು ಕಲಿಸಿಯಾಳು ಎಂದು ಕಂಪ್ಯೂಟರ್ ಕಲಿಯಲು ನಂದೊಳ್ಳಿಯಿಂದ ಬಂದ ನಾನು ಮೂಗು ಮುರಿದಿದ್ದೆ. ನನಗೆ ಈಮೇಲ್ ಮಾಡಿಕೊಟ್ಟವಳು ಅವಳೇ. ಪಾಸ್‌ವರ್ಡ್ ಮರೆತರೆ ಕೇಳಲಿ ಎಂದು ಒಂದು ಗುಟ್ಟಿನ ಪ್ರಶ್ನೆಯನ್ನೂ ಇಟ್ಟಳು.

"ಅವ್ವಗ ಮದುವ್ಯಾಗ ಹೆಸರು ಬದಲ ಮಾಡ್ಯಾರಿಲ್ಲ? ಹಳೇದನ್ನ ಹಾಕು ತಂಗಿ. ಈಗ ಅದನ್ನ ಯಾರೂ ಕರಿಯಂಗಿಲ್ಲ. ನಾನೂ ನನ್ನ ಹಳೇ ಹೆಸರ ಇಟ್ಟೇನಿ" ಎಂದು ನಕ್ಕಳು.

ನಮ್ಮಲ್ಲೂ ಅದೇ ಪದ್ಧತಿ. ಪರಮೇಶ್ವರಿಯಾಗಿದ್ದ ಅಮ್ಮ ಧಾರೆಯ ದಿನ ಸಾವಿತ್ರಿಯಾದವಳು.

ಆಮೇಲೆ ಅಪ್ಪನ ಗಂಟಲಲ್ಲಿ ಗಂಟು ಕಾಣಿಸಿತು. ಮಂಗಳೂರಿನ ಆಸ್ಪತ್ರೆಗೆ ಸೇರಿಸಿದೆವು. ಹುಬ್ಬಳ್ಳಿಯ ಲ್ಯಾಬಿನ ವರದಿ ನೋಡದೆ ಆಪರೇಷನ್ ಮಾಡುವುದಿಲ್ಲ ಎಂದರು ಡಾಕ್ಟರು. ವರದಿ ಬಂದದ್ದು ನನ್ನ ಈಮೇಲಿಗೆ. ಈಮೇಲ್ ಇರುವುದು ಅಕ್ಕನ ಕಂಪ್ಯೂಟರಿನೊಳಗೆ ಎಂದೇ ನಾನು ನಂಬಿದ್ದೆ! ಯಲ್ಲಾಪುರಕ್ಕೆ ಹೋಗಿ ಬರುವಷ್ಟರಲ್ಲಿ ಅಪ್ಪ... ಅಳುತ್ತಲೇ ಅವಳಿಗೆ ಫೋನು ಮಾಡಿದೆ.

"ಹುಚ್ಚಿ, ಅದು ನನ್ನ ಪೆಟ್ಟಿಗ್ಯಾಗ ಇಲ್ಲ. ಯಾವ ಕಂಪ್ಯೂಟರ್ ಮುಂದ ಕುಂತ್ರೂ ತೆರಿತೈತಿ. ಅಲ್ಲೇ ಒಂದು ಸೈಬರ್ ಅಂಗಡಿಗೆ ಹೋಗಿ ಕೂಡು, ಫೋನ್ ಇಡಬ್ಯಾಡ."

ಆಸ್ಪತ್ರೆಯ ಎದುರಿನ ಅಂಗಡಿಗೆ ಓಡಿದೆ. ಗಾಬರಿಯಲ್ಲಿ ಹಾಳಾದ ಪಾಸ್‌ವರ್ಡ್ ನೆನಪಾಗಲೇ ಇಲ್ಲ. ಏನು ಹಾಕಿದರೂ ತಪ್ಪು ಅನ್ನುತ್ತಿತ್ತು. ಬೆನ್ನ ಹಿಂದೆ ಅಮ್ಮ.

"ಎಂತ ಬಂತೇ? ವರದಿ ಕಾಣ್ತಾ ಇದ್ದಾ?"

ಕೊನೆಗೆ ಪರದೆ ಆ ಗುಟ್ಟಿನ ಪ್ರಶ್ನೆಯನ್ನು ಕೇಳಿತು. ಕಿವಿಗಿಟ್ಟ ಫೋನಿನಲ್ಲಿ ಅಕ್ಕನ ದನಿ: "ಅವ್ವನ ಹಳೇ ಹೆಸರು, ತಂಗಿ." ಪರಮೇಶ್ವರಿ ಎಂದು ಒತ್ತಿದೆ. ತೆರೆಯಿತು. ವರದಿಯೂ ಇತ್ತು. ಮರುದಿನವೇ ಆಪರೇಷನ್ ಆಯಿತು. ಅಪ್ಪ ಇವತ್ತಿಗೂ ಚಹಕ್ಕೆ ಸಕ್ಕರೆ ಕಮ್ಮಿಯಾಯಿತೆಂದು ರೇಗುತ್ತಾನೆ.

ಅಕ್ಕ ಹೋದ ವರ್ಷ ತೀರಿಕೊಂಡಳು. ಮೊನ್ನೆ ಶಿರಸಿಗೆ ನನ್ನನ್ನು ಕರೆಸಿಕೊಂಡದ್ದು ಅವಳ ಮಗಳು. ಅಂಗಡಿಯ ಕಂಪ್ಯೂಟರ್ ಮುಂದೆ ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದಳು.

"ಅವ್ವನ ಫೋಟೋ ಎಲ್ಲಾ ಅಕಿ ಮೇಲ್‌ನ್ಯಾಗ ಅದಾವ್ರಿ ಆಂಟಿ. ಹಳೇ ಹೆಸರು ಕೇಳಾಕತ್ತೈತಿ. ಅಪ್ಪ ಇಲ್ಲ, ಅಜ್ಜನ ಮನಿ ಕಡೆ ಯಾರೂ ಉಳದಿಲ್ಲ. ಇನ್ನೊಮ್ಮೆ ತಪ್ಪಿದ್ರ ಪೂರ್ತಿ ಬಂದ್ ಆಕ್ಕೈತಂತ. ನಿಮಗ ಹೇಳಿದ್ಲಲ್ರಿ?"

ಗೌರಿಯೋ, ನೀಲಮ್ಮನೋ... ಅವತ್ತು ಆ ನಗುವಿನ ನಡುವೆ ನಿನ್ನ ಹಳೆಯ ಹೆಸರೇನು ಎಂದು ಒಂದು ಮಾತು ಕೇಳಿದ್ದರೆ ಹೇಳಿಬಿಡುತ್ತಿದ್ದಳು. ಹುಡುಗಿ ಕೀಲಿಗಳ ಮೇಲೆ ಬೆರಳಿಟ್ಟುಕೊಂಡು ನನ್ನ ಬಾಯನ್ನೇ ನೋಡುತ್ತಿದ್ದಳು.

ನನ್ನ ಬಾಯಿಗೆ ಬಂದದ್ದು ಅಕ್ಕ ಎಂಬುದೊಂದೇ.