ಮೂವರ ಪುಸ್ತಕಗಳ ಒಂದು ಪಟ್ಟಿ

ನಾನು ಮದುವೆಯಾದದ್ದು ಐವತ್ಮೂರನೆಯ ವಯಸ್ಸಿನಲ್ಲಿ. ನನಗದು ಮೊದಲ ಮದುವೆ, ಅವರಿಗೆ ಎರಡನೆಯದು. ಅವರ ಹೆಂಡತಿ ತೀರಿಕೊಂಡು ಆಗ ಏಳು ವರ್ಷಗಳಾಗಿದ್ದವು. ಒಬ್ಬಳೇ ಮಗಳು ಮೈಸೂರಿನಲ್ಲಿ ಶಾಲಾ ಶಿಕ್ಷಕಿಯಾಗಿದ್ದಳು. ಜಯನಗರದಲ್ಲಿ ಒಂದು ಅಂಗಡಿಯ ಮೇಲಿನ ಕೋಣೆಯಲ್ಲಿ ಶನಿವಾರ ಸಂಜೆ ಸೇರುತ್ತಿದ್ದ ಓದುಗರ ಬಳಗದಲ್ಲಿ ನಮಗೆ ಪರಿಚಯವಾಯಿತು. ನಾವೆಲ್ಲ ಪುಸ್ತಕ ಹಿಡಿದು ಬಂದರೆ ಅವರೊಬ್ಬರು ಟ್ಯಾಬ್ ಹಿಡಿದು ಬರುತ್ತಿದ್ದರು. ಮೂರು ವರ್ಷ ಅಕ್ಕಪಕ್ಕದ ಕುರ್ಚಿಗಳಲ್ಲಿ ಕೂತು ವಾದ ಮಾಡಿದ ಮೇಲೆ, ಒಂದು ದಿನ ಮೆಟ್ಟಿಲು ಇಳಿಯುತ್ತಾ ಅವರು, "ಈ ವಾದ ಎಲ್ಲ ಮನೇಲೇ ಮಾಡ್ಬಹುದಲ್ವಾ?" ಎಂದರು. ಆ ಮಾತು ಅರ್ಥವಾಗುವ ಹೊತ್ತಿಗೆ ನಾನು ಬಸ್ ಸ್ಟಾಪ್ ತಲುಪಿದ್ದೆ.

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ, ಹೋಟೆಲಿನಲ್ಲಿ ಊಟ ಮಾಡಿ, ಬನಶಂಕರಿ ಎರಡನೇ ಹಂತದ ನನ್ನ ಫ್ಲ್ಯಾಟಿಗೆ ಬಂದೆವು. ಅವರು ತಂದದ್ದು ಎರಡು ಸೂಟ್‌ಕೇಸು, ಒಂದು ಕುಕ್ಕರು, ಮತ್ತೆ ಒಂದು ಸ್ಟೀಲ್ ಡಬ್ಬಿ. ಡಬ್ಬಿಯೊಳಗೆ ಟವೆಲ್ಲಿನಲ್ಲಿ ಸುತ್ತಿದ ಎರಡು ಹಾರ್ಡ್ ಡಿಸ್ಕುಗಳಿದ್ದವು.

"ಪುಸ್ತಕ ಎಲ್ಲಿ?" ಎಂದೆ.

"ಇದರಲ್ಲೇ. ನಾಲ್ಕು ಸಾವಿರದ ಚಿಲ್ಲರೆ."

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ಹಾಲಿನ ಎರಡು ಗೋಡೆ, ಮಲಗುವ ಕೋಣೆ, ಫ್ರಿಜ್ಜಿನ ತಲೆ, ಅಟ್ಟ, ಎಲ್ಲ ಕಡೆ ನನ್ನ ಪುಸ್ತಕಗಳಿದ್ದವು. ಅವರು ಒಂದೊಂದೇ ಗೋಡೆಯ ಮುಂದೆ ನಿಂತು, ಕೈ ಹಿಂದಕ್ಕೆ ಕಟ್ಟಿಕೊಂಡು ನೋಡಿದರು. ಒಂದನ್ನೂ ಮುಟ್ಟಲಿಲ್ಲ. ಆ ದಿನ ಅದನ್ನು ಸಂಕೋಚ ಅಂದುಕೊಂಡೆ.

ಅವರ ಬಳಿಯೂ ಒಂದು ಕಾಲಕ್ಕೆ ಕಪಾಟು ತುಂಬ ಪುಸ್ತಕಗಳಿದ್ದದ್ದು ನನಗೆ ಗೊತ್ತಿತ್ತು. ಹುಳಿಮಾವು ಕಡೆ ತಗ್ಗಿನ ರಸ್ತೆಯೊಂದರಲ್ಲಿ ಅವರದು ಗ್ರೌಂಡ್ ಫ್ಲೋರಿನ ಬಾಡಿಗೆ ಮನೆ. ಹೆಂಡತಿ ಹೋದ ಎರಡನೇ ವರ್ಷ, ಅವರು ಆಫೀಸಿನಲ್ಲಿದ್ದ ಒಂದು ಮಧ್ಯಾಹ್ನ, ಜೋರು ಮಳೆಗೆ ಮೋರಿ ಉಕ್ಕಿ ರಸ್ತೆಯ ನೀರು ಮನೆಗೆ ನುಗ್ಗಿತ್ತು. ಸಂಜೆ ಬಂದು ಬಾಗಿಲು ತೆಗೆದರೆ ಮಂಡಿಯುದ್ದ ಕೆಸರು ನೀರು. ಕಪಾಟೇ ಮಗುಚಿಕೊಂಡಿತ್ತು. "ಅವತ್ತಿಗೆ ಪೇಪರ್ ಸಹವಾಸ ಸಾಕು ಅನ್ನಿಸ್ತು," ಎಂದು ಬಳಗದಲ್ಲಿ ಒಮ್ಮೆ ನಗುತ್ತಲೇ ಹೇಳಿದ್ದರು. ಅದಕ್ಕಿಂತ ಹೆಚ್ಚು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಪಟ್ಟಿ ಮಾಡುವ ಯೋಚನೆ ಬಂದದ್ದು ನನ್ನದೇ ತಪ್ಪಿನಿಂದ. ಮದುವೆಯಾಗಿ ಮೂರು ತಿಂಗಳಾಗಿತ್ತು. ಕಾಲೇಜಿನಿಂದ ಬರುವಾಗ ಒಂದು ಹಳೆಯ ಪ್ರವಾಸ ಕಥನ ಕೊಂಡು ತಂದೆ. "ಇದು ನನ್ನ ಹತ್ರ ಇದೆಯಲ್ಲ," ಎಂದು ಅವರು ಟ್ಯಾಬಿನಲ್ಲಿ ತೆಗೆದು ತೋರಿಸಿದರು. ಮರುವಾರ ಅಟ್ಟದಿಂದ ಹಬ್ಬದ ಪಾತ್ರೆ ಇಳಿಸುವಾಗ ಅದೇ ಪುಸ್ತಕದ ಇನ್ನೊಂದು ಪ್ರತಿ ಕಾಲ ಬಳಿ ಬಿತ್ತು, ನನ್ನದೇ ಸಹಿಯೊಂದಿಗೆ. ಒಂದೇ ಮನೆಯಲ್ಲಿ ಒಂದೇ ಪುಸ್ತಕ ಮೂರು ಸಲ.

"ಇಬ್ಬರದೂ ಸೇರಿಸಿ ಒಂದೇ ಪಟ್ಟಿ ಮಾಡೋಣ," ಎಂದರು ಅವರು. ನಿವೃತ್ತ ಎಲೆಕ್ಟ್ರಿಕಲ್ ಎಂಜಿನಿಯರು. ಅರ್ಧ ಗಂಟೆಯಲ್ಲಿ ಲ್ಯಾಪ್‌ಟಾಪಿನಲ್ಲಿ ಕೋಷ್ಟಕವನ್ನೂ ಎಳೆದುಬಿಟ್ಟರು: ಹೆಸರು, ಬರೆದವರು, ಕಾಗದವೋ ಫೈಲೋ, ಇರುವ ಜಾಗ, ಷರಾ.

'ಇರುವ ಜಾಗ' ಎಂಬಲ್ಲೇ ಮೊದಲ ತಕರಾರು ಹುಟ್ಟಿತು. ನನ್ನ ಪುಸ್ತಕಗಳು ಅಕಾರಾದಿಯಲ್ಲಿ ಇರಲಿಲ್ಲ. ಹಾಸ್ಟೆಲ್ ದಿನಗಳಲ್ಲಿ ಕೊಂಡವು ಮೇಲಿನ ಸಾಲಿನಲ್ಲಿ, ವಿದ್ಯಾರ್ಥಿಗಳು ಕೊಟ್ಟವು ಕಿಟಕಿಯ ಪಕ್ಕ, ಮನಸ್ಸು ಸರಿಯಿಲ್ಲದಾಗ ಬೇಕಾಗುವವು ಮಂಚದ ಹತ್ತಿರ.

"ಹೀಗಿದ್ರೆ ನಾನು ಒಂದು ಪುಸ್ತಕ ಹುಡುಕೋದು ಹೇಗೆ?"

"ನನ್ನ ಕೇಳಿ."

"ನೀವು ಕಾಲೇಜಲ್ಲಿದ್ರೆ?"

"ಫೋನ್ ಮಾಡಿ."

ಮಾಡಿಯೂ ಬಿಟ್ಟರು. ಪರೀಕ್ಷೆಯ ಕೊಠಡಿಯಲ್ಲಿ ಮೇಲ್ವಿಚಾರಣೆಗೆ ನಿಂತಿದ್ದಾಗ ನನ್ನ ಬ್ಯಾಗಿನೊಳಗೆ ಫೋನು ಗುಂಯ್‌ಗುಟ್ಟಿತು. ಹೊರಗೆ ಬಂದು ನೋಡಿದರೆ ಅವರ ಕರೆ, ಅದರ ಹಿಂದೆಯೇ ಸಂದೇಶ: "ಹಳಗನ್ನಡ ವ್ಯಾಕರಣ, ಕಿಟಕಿಯೋ ಮಂಚವೋ?" "ಮಂಚ" ಎಂದು ಉತ್ತರಿಸಿದೆ.

ಅವರ ಫೈಲುಗಳೇನೂ ಶಿಸ್ತಾಗಿರಲಿಲ್ಲ. ಒಂದೇ ಕಾದಂಬರಿ ಇಂಗ್ಲಿಷ್ ಅಕ್ಷರಗಳ ಮೂರು ಕಾಗುಣಿತದಲ್ಲಿ ಮೂರು ಕಡೆ ಇರುತ್ತಿತ್ತು. ಹಳೆಯ ಕಾಲದ ಫಾಂಟಿನಲ್ಲಿ ಟೈಪು ಮಾಡಿದವನ್ನು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳ ಸಾಲು. ಎಷ್ಟೋ ಸ್ಕ್ಯಾನುಗಳಿಗೆ ಹೆಸರೇ ಇಲ್ಲ, ಬರೀ ನಂಬರು. ಪ್ರತಿಯೊಂದನ್ನೂ ತೆರೆದು, ಶೀರ್ಷಿಕೆ ಪುಟ ಓದಿ, ಹೆಸರು ಕೊಡಬೇಕು. ಎರಡನೇ ಭಾನುವಾರದ ಹೊತ್ತಿಗೆ ನನಗೆ ಕಣ್ಣು ಉರಿ, ಸೊಂಟ ನೋವು. ನೂರಿಪ್ಪತ್ತನೆಯದೋ ಏನೋ ತೆರೆದಾಗ ಪುಟಗಳೆಲ್ಲ ತಲೆಕೆಳಗಾಗಿದ್ದವು. "ಇವು ಪುಸ್ತಕ ಅಲ್ಲ ರೀ," ಎಂದುಬಿಟ್ಟೆ. "ಪುಸ್ತಕದ ಫೋಟೋ. ಫೋಟೋ ಕೂಡಿಟ್ಕೊಂಡು ನಾಲ್ಕು ಸಾವಿರ ಪುಸ್ತಕ ಇದೆ ಅಂತೀರಿ."

ಅವರು ಎದ್ದು ಬಾಲ್ಕನಿಗೆ ಹೋಗಿ, ಬೆಳಿಗ್ಗೆ ನೀರು ಹಾಕಿದ್ದ ಗಿಡಗಳಿಗೇ ಮತ್ತೆ ನೀರು ಹಾಕಿದರು. ನಾಲ್ಕು ದಿನ ಪಟ್ಟಿ ಅಲ್ಲೇ ನಿಂತಿತು. ಊಟ, ಕಾಫಿ, ಪೇಪರು ಎಲ್ಲ ಎಂದಿನಂತೆ. ಲ್ಯಾಪ್‌ಟಾಪು ಮಾತ್ರ ಮುಚ್ಚಿಯೇ ಇತ್ತು. ಒಂಟಿಯಾಗಿ ಬದುಕಿದವಳಿಗೆ ಜಗಳವಾಡಿ ಅಭ್ಯಾಸವಿರಲಿಲ್ಲ, ರಾಜಿಯಾಗಿಯಂತೂ ಇರಲೇ ಇಲ್ಲ. ಕೊನೆಗೆ ಗುರುವಾರ ನಾನೇ ತೆರೆದೆ. ಒಂದು ಸ್ಕ್ಯಾನಿನಲ್ಲಿ ನಲವತ್ತೆರಡನೆಯ ಪುಟವಾದ ಮೇಲೆ ಸೀದಾ ನಲವತ್ತೈದು. ಅದೇ ಪುಸ್ತಕ ನನ್ನ ಕಿಟಕಿಯ ಸಾಲಿನಲ್ಲಿತ್ತು. ತೆಗೆದುಕೊಂಡು ಹೋಗಿ, ಆ ಎರಡು ಪುಟ ಬಿಡಿಸಿ, ಅವರ ಮುಂದೆ ಹಿಡಿದೆ.

"ಇದರ ಫೋಟೋ ತಗೊಳ್ಳಿ. ನಿಮ್ಮದರಲ್ಲಿ ಇಲ್ಲ."

ಅವರು ನನ್ನ ಮುಖ ನೋಡಿದರು, ಫೋನು ತೆಗೆದರು. "ಸ್ವಲ್ಪ ಬೆಳಕಿನ ಕಡೆ ತಿರುಗಿಸಿ," ಎಂದರು. ಅಲ್ಲಿಂದ ಕೆಲಸ ಮತ್ತೆ ಶುರುವಾಯಿತು.

ಎರಡನೆಯ ಡಿಸ್ಕಿನ ಕೊನೆಯಲ್ಲಿ 'ಒದ್ದೆ' ಎಂಬ ಹೆಸರಿನ ಫೋಲ್ಡರ್ ಕಂಡಿತು. ಅವರು ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದರು.

"'ಒದ್ದೆ' ಅಂತ ಒಂದಿದೆ. ಇದನ್ನೂ ಸೇರಿಸ್ಲಾ?"

ಚಾಕುವಿನ ಸದ್ದು ನಿಂತಿತು. "ಅದು ಬೇಡ. ಅದು ನಿಜವಾಗ್ಲೂ ಬರೀ ಫೋಟೋ."

"ನೋಡ್ಬಹುದಾ?"

"ನೋಡಿ," ಎಂದು ಮತ್ತೆ ಹೆಚ್ಚತೊಡಗಿದರು.

ಒಟ್ಟು ಮುನ್ನೂರ ಎಂಬತ್ತು ಚಿತ್ರಗಳು. ಎಲ್ಲವೂ ತಾರಸಿಯ ಮೇಲೆ ತೆಗೆದವು. ಹಪ್ಪಳದ ಹಾಗೆ ಉಬ್ಬಿದ ಪುಸ್ತಕಗಳು, ಬಟ್ಟೆ ಒಣಹಾಕುವ ತಂತಿಗೆ ಕ್ಲಿಪ್ಪು ಹಾಕಿ ನೇತುಬಿಟ್ಟ ರಕ್ಷಾಪುಟಗಳು, ಕೆಸರಿನ ಗೆರೆ ಮೂಡಿದ ಶೀರ್ಷಿಕೆ ಪುಟಗಳು. ಪುಟ ಗಾಳಿಗೆ ಹಾರದಂತೆ ಒತ್ತಿ ಹಿಡಿದ ಅವರ ಹೆಬ್ಬೆರಳು ಬಹುತೇಕ ಎಲ್ಲದರ ಮೂಲೆಯಲ್ಲೂ ಇತ್ತು. ಉಳಿಯುವುದಿಲ್ಲ ಎಂದು ಗೊತ್ತಾದ ಮೇಲೆ, ಎಸೆಯುವ ಮೊದಲು, ಒಂದೊಂದನ್ನೂ ತೆರೆದು ಚಿತ್ರ ತೆಗೆದಿದ್ದರು. ಜೊತೆಗೆ ಒಂದು ಪಟ್ಟಿ. ಪ್ರತಿ ಪುಸ್ತಕದ ಮುಂದೆ 'ಸಿಕ್ಕಿತು' ಅಥವಾ 'ಇಲ್ಲ'. ಐದು ವರ್ಷದಿಂದ ಅವರು ಹಾದಿಯಲ್ಲಿ ಸಿಕ್ಕಿದ್ದನ್ನೆಲ್ಲ ಕೂಡಿಹಾಕುತ್ತಿದ್ದಾರೆ ಎಂದು ನಾನು ತಿಳಿದಿದ್ದೆ. ಅವರು ಹುಡುಕುತ್ತಿದ್ದದ್ದು ಈ ಮುನ್ನೂರ ಎಂಬತ್ತನ್ನು. ಹುಡುಕುವಾಗ ಜೊತೆಗೆ ಬಂದವು ಉಳಿದ ಸಾವಿರಾರು.

ಇನ್ನೊಂದು ವಿಷಯ ನಿಧಾನವಾಗಿ ಗಮನಕ್ಕೆ ಬಂತು. ಅರ್ಧಕ್ಕಿಂತ ಹೆಚ್ಚಿನ ಪುಟಗಳಲ್ಲಿ ಇದ್ದದ್ದು ಅವರ ಹೆಸರಲ್ಲ. ನೇರಳೆ ಶಾಯಿಯ ದುಂಡು ಅಕ್ಷರದಲ್ಲಿ ಒಬ್ಬ ಹೆಂಗಸಿನ ಹೆಸರು, ಕೆಳಗೆ ಕೊಂಡ ಜಾಗ. ಕೆಲವು ಕಡೆ ನೀರಿಗೆ ಶಾಯಿ ಹರಡಿ ಹೆಸರಿನ ಮೊದಲಕ್ಷರ ಮಾತ್ರ ಉಳಿದಿತ್ತು. ಆಕೆಯ ಫೋಟೋವನ್ನು ನಾನು ನೋಡಿದ್ದೆ. ಶ್ರಾದ್ಧದ ದಿನ ಮನೆಯಲ್ಲಿ ಹೂವು ಹಾಕಿದ್ದೆ. ಆದರೆ ಆಕೆಯ ಕೈಬರಹ ಕಂಡದ್ದು ಅದೇ ಮೊದಲು. ಆಗ ಅನ್ನಿಸಿದ್ದನ್ನು ಅಸೂಯೆ ಎಂದರೆ ಸುಳ್ಳಾಗುತ್ತದೆ, ಅಲ್ಲ ಎಂದರೂ ಸುಳ್ಳಾಗುತ್ತದೆ. ಇಬ್ಬರ ಪುಸ್ತಕ ಜೋಡಿಸುತ್ತಿದ್ದೇನೆ ಅಂದುಕೊಂಡಿದ್ದವಳಿಗೆ ಮೇಜಿನ ಮುಂದೆ ಇನ್ನೊಬ್ಬರೂ ಬಂದು ಕೂತಂತೆ ಅನ್ನಿಸಿತು.

ಅವರ ಪಟ್ಟಿಯ 'ಇಲ್ಲ'ಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ. ಎಪ್ಪತ್ತೊಂದು ಇದ್ದವು. ಎಷ್ಟೋ ಸಣ್ಣಪುಟ್ಟ ಪುಸ್ತಕಗಳು, ಯಾರೂ ಸ್ಕ್ಯಾನ್ ಮಾಡಿ ಹಾಕದಂಥವು: ಕುಂಡದಲ್ಲಿ ಗುಲಾಬಿ ಬೆಳೆಸುವ ಕೈಪಿಡಿ, ಮಕ್ಕಳ ಒಗಟುಗಳು, ಒಂದೇ ಮುದ್ರಣ ಕಂಡು ಮರೆಯಾದ ಕಾದಂಬರಿಗಳು. ಓದುತ್ತಾ ಹೋದಂತೆ ಕೆಲವು ಹೆಸರು ಪರಿಚಯದವು ಅನ್ನಿಸಿದವು. ಎದ್ದು ಕಪಾಟಿನ ಮುಂದೆ ನಿಂತೆ. ಗುಲಾಬಿಯ ಕೈಪಿಡಿ ಫ್ರಿಜ್ಜಿನ ಮೇಲೆ ಸಿಕ್ಕಿತು, ಒಗಟುಗಳು ಅಟ್ಟದಲ್ಲಿ. ಮೂರು ಸಂಜೆ ಹುಡುಕಿದ ಮೇಲೆ ಹದಿನೇಳು ಪುಸ್ತಕಗಳು ದೊರೆತವು. ಆಕೆ 'ಜಯನಗರ' ಎಂದು ಬರೆದಿದ್ದ ಕೆಲವನ್ನು ನಾನೂ ಜಯನಗರದಲ್ಲೇ ಕೊಂಡಿದ್ದೆ. ಒಂದೇ ಅಂಗಡಿಯಲ್ಲಿ, ಒಂದೇ ರಾಶಿಯ ಮುಂದೆ ನಾವಿಬ್ಬರೂ ಯಾವಾಗಲಾದರೂ ನಿಂತಿದ್ದೆವೋ ಏನೋ.

ಭಾನುವಾರ ಬೆಳಿಗ್ಗೆ ಅವರು ವಾಕಿಂಗಿಗೆ ಹೋಗಿದ್ದಾಗ ಹದಿನೇಳನ್ನೂ ಒರೆಸಿ ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಹಾಲು, ಕೊತ್ತಂಬರಿ ಸೊಪ್ಪು ಹಿಡಿದು ಒಳಗೆ ಬಂದವರು ಮೇಜು ನೋಡಿ ನಿಂತುಬಿಟ್ಟರು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಬಚ್ಚಲಿಗೆ ಹೋಗಿ ಸೋಪು ಹಾಕಿ ಕೈ ತೊಳೆದು, ಒರೆಸಿಕೊಂಡು ಬಂದು ಕೂತರು. ಈ ಮನೆಗೆ ಬಂದ ಮೇಲೆ ಅವರು ಒಂದು ಪುಸ್ತಕವನ್ನು ಓದಲೆಂದು ಕೈಗೆ ತೆಗೆದುಕೊಂಡದ್ದು ಅದೇ ಮೊದಲು. ಗುಲಾಬಿಯ ಪುಸ್ತಕದ ಮೊದಲ ಪುಟ ತೆರೆದರು.

"ಇಲ್ಲಿ ನಿಮ್ಮ ಹೆಸರಿದೆ," ಎಂದರು.

"ಹೂಂ. ಅದು ನಂದೇ."

"ಗೊತ್ತು. ಗೊತ್ತು." ಪುಟ ತಿರುಗಿಸಿದರು. "ಈ ಚಿತ್ರ ನೋಡಿ, ಹೀಗೇ ಕತ್ತರಿಸ್ಬೇಕು ಅಂತ ನನ್ನ ನಿಲ್ಲಿಸ್ಕೊಂಡು ಪಾಠ ಮಾಡ್ತಿದ್ಲು. ಒಂದು ಗಿಡಾನೂ ಬದುಕ್ಲಿಲ್ಲ."

ನಗುತ್ತಿದ್ದಾರೆ ಅಂದುಕೊಂಡೆ. ಕಣ್ಣಲ್ಲಿ ನೀರಿತ್ತು. ನನ್ನ ಪುಸ್ತಕ ಕಾಗದದ್ದೇ ಆದರೂ ಆಕೆಯದಾಗಲಾರದು. ಆ ಮಟ್ಟಿಗೆ ಅದೂ ಒಂದು ಫೋಟೋವೇ. ಅಂದು ನಾನಾಡಿದ ಮಾತು ಎಷ್ಟು ಒರಟಾಗಿತ್ತು ಎಂದು ನನಗೆ ಆಗ ಗೊತ್ತಾಯಿತು. ಹೇಳಿದೆ ಕೂಡ: "ಅವತ್ತು ಹಾಗಂದಿದ್ದು ತಪ್ಪಾಯ್ತು."

"ತಲೆಕೆಳಗಾದ ಪುಟ ಓದಿದ್ರೆ ಯಾರಾದ್ರೂ ಹಾಗೇ ಅಂತಾರೆ ಬಿಡಿ," ಎಂದರು.

ಅಂದು ಮಧ್ಯಾಹ್ನ ಕೋಷ್ಟಕಕ್ಕೆ 'ಯಾರದು' ಎಂಬ ಅಂಕಣ ಸೇರಿಸಿದೆ. ಅದರಲ್ಲಿ ಮೂರು ಹೆಸರು. ಅವರು ಕನ್ನಡಕ ಏರಿಸಿ ಪರದೆ ನೋಡಿ, "ಸರಿ," ಎಂದಷ್ಟೇ ಹೇಳಿ, ಆಕೆಯ ಹೆಸರಿನಲ್ಲಿ ನಾನು ಮಾಡಿದ್ದ ಒಂದು ಒತ್ತಕ್ಷರದ ತಪ್ಪನ್ನು ತಿದ್ದಿದರು.

ದಸರಾ ರಜೆಗೆ ಮಗಳು ಬಂದಳು. ನನ್ನನ್ನು ಆಂಟಿ ಎನ್ನುತ್ತಾಳೆ, ನನಗೆ ಅದೇ ಸರಿ. ಹದಿನೇಳು ಪುಸ್ತಕಗಳಿಗೆ ಹಾಲಿನಲ್ಲಿ ಬೇರೆ ಸಾಲು ಮಾಡಿದ್ದೆವು. ಅವಳ ತಂದೆ ಅದರಿಂದ ಒಂದು ಕಾದಂಬರಿಯನ್ನು ಜೋಪಾನವಾಗಿ ಎತ್ತಿ ಅವಳ ಕೈಗಿಟ್ಟರು. "ನೋಡು, ನಿಮ್ಮಮ್ಮನ ಫೇವರಿಟ್. ಎಲ್ಲೆಲ್ಲಿ ಹುಡುಕಿದ್ದೆ. ಕೊನೆಗೆ ಮನೇಲೇ ಸಿಕ್ತು."

ಮಗಳು ಪುಸ್ತಕ ನೋಡಿದಳು, ಅಪ್ಪನನ್ನು ನೋಡಿದಳು. "ಅಪ್ಪಾ, ಅಮ್ಮಂಗೆ ಇದು ಕಂಡ್ರೆ ಆಗ್ತಿರ್ಲಿಲ್ಲ."

"ಏನು?"

"ಅರ್ಧಕ್ಕೇ ಬಿಟ್ಟಿದ್ಲು. ಅತ್ತೆ ಅಂದ್ರೆ ರಾಕ್ಷಸೀನಾ, ಇದನ್ನ ಬರೆದವ್ನಿಗೇನು ಗೊತ್ತು ಅಂತ ಬೈಕೊಂಡು ಮಂಚದ ಕೆಳಗೆ ಎಸೆದಿದ್ಲು. ನಾನೇ ಎತ್ತಿಟ್ಟೆ."

"ನನಗೆ ಹೇಳ್ಲೇ ಇಲ್ವಲ್ಲ!"

"ನೀನೇ ಆಸೆಯಿಂದ ತಂದ್ಕೊಟ್ಟಿದ್ದಲ್ವಾ. ನಿಂಗೆ ಬೇಜಾರಾಗುತ್ತೆ ಅಂತ, ತುಂಬ ಚೆನ್ನಾಗಿದೆ ಅಂದ್ಲು."

ಅವರು ಪುಸ್ತಕವನ್ನೇ ನೋಡುತ್ತಾ ಕೂತರು. ಐದು ವರ್ಷ ಹುಡುಕಿದ ಪುಸ್ತಕ ಅದು. ಮೊದಲು ಭುಜ ಅಲುಗಿತು, ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಜೋರಾಗಿ ನಕ್ಕರು. ಮಗಳೂ ನಕ್ಕಳು. ನಾನು ನಗುತ್ತಲೇ ಒಳಗೆ ಹಗುರಾದೆ. ಅಷ್ಟು ತಿಂಗಳಿಂದ ನನ್ನ ಪಕ್ಕ ಸದ್ದಿಲ್ಲದೆ ಕೂತಿದ್ದ ನೇರಳೆ ಶಾಯಿಯ ಹೆಂಗಸು ಬಾಯಿ ಬಿಟ್ಟು ಮಾತಾಡಿದ್ದಳು, ಅದೂ ನನ್ನ ಮೆಚ್ಚಿನ ಕಾದಂಬರಿಯ ಮೇಲೆ ಸಿಟ್ಟಿನಿಂದ. ಅದನ್ನು ನಾನು ಎಷ್ಟೋ ವರ್ಷ ತರಗತಿಯಲ್ಲಿ ಹೊಗಳಿದ್ದೆ. ಆಕೆ ನಮ್ಮ ಬಳಗದಲ್ಲಿದ್ದಿದ್ದರೆ ನನ್ನನ್ನು ಸುಮ್ಮನೆ ಬಿಡುತ್ತಿರಲಿಲ್ಲ.

ಮಗಳು ಮೈಸೂರಿಗೆ ಹೊರಟ ಮೇಲೆ ಆ ಕಾದಂಬರಿಯನ್ನು ಮತ್ತೊಮ್ಮೆ ಓದಿದೆ, ಈ ಸಲ ಅತ್ತೆಯ ಮೇಲೆಯೇ ಕಣ್ಣಿಟ್ಟು. ಮುನ್ನೂರು ಪುಟದಲ್ಲಿ ಆ ಮುದುಕಿಗೆ ಒಂದೇ ಒಂದು ಒಳ್ಳೆಯ ಮಾತು ಆಡಲು ಅವಕಾಶವಿರಲಿಲ್ಲ. ಅಷ್ಟು ಸಲ ಹೊಗಳಿಯೂ ನನಗದು ಕಂಡಿರಲಿಲ್ಲ. ಲ್ಯಾಪ್‌ಟಾಪು ತೆರೆದು, ಆ ಸಾಲಿನ ಷರಾ ಅಂಕಣದಲ್ಲಿ ಬರೆದೆ: "ಅತ್ತೆಯ ವಿಷಯದಲ್ಲಿ ಆಕೆ ಹೇಳಿದ್ದೇ ಸರಿ. ಆದರೆ ಅರ್ಧಕ್ಕೆ ಬಿಡಬಾರದಿತ್ತು, ಕೊನೆಯ ಎರಡು ಅಧ್ಯಾಯ ಚೆನ್ನಾಗಿವೆ."